ಕೊನೆಗೆ ಉಣ್ಣುವವಳು

ಶನಿವಾರಸಂತೆಯ ಹಿಂದಿನ ಕೇರಿಯಲ್ಲಿ ಚನ್ನಬಸಮ್ಮನ ಮನೆ ಯಾವುದೆಂದು ಹೆಂಗಸರಾರೂ ಕೇಳಬೇಕಾಗಿರಲಿಲ್ಲ. ಬೆಂಕಿಪೊಟ್ಟಣ ಖಾಲಿಯಾದರೆ, ಸೀಮೆಎಣ್ಣೆ ತೀರಿದರೆ, ಮಕ್ಕಳ ಅಂಗಿ ಇನ್ನು ಹೊಲಿಯಲೂ ಬಾರದಷ್ಟು ಹರಿದರೆ ಮೊದಲು ಆಕೆಯ ಜಗಲಿಗೆ ಬಂದು ಕೂರುತ್ತಿದ್ದರು. ಕೊಡುವುದಕ್ಕೆ ಆಕೆಯ ಮನೆಯಲ್ಲೂ ಏನೂ ಇರಲಿಲ್ಲ. ಆದರೆ ಇದ್ದದ್ದನ್ನು ಹೇಗೆ ಎಳೆದು ಹಿಗ್ಗಿಸಬೇಕೆಂದು ಆಕೆಗೆ ಗೊತ್ತಿತ್ತು. ನನ್ನ ತಾಯಿ ಮುತ್ತಮ್ಮ ಎದುರುಮನೆಯವಳು. ನಾನು ಇದನ್ನು ಕೇಳಿದ್ದು ತಾಯಿಯ ಬಾಯಿಂದ. ಒಂದೇ ಸಲಕ್ಕೆ ಹೇಳಿ ಮುಗಿಸಿದವಳಲ್ಲ ಅವಳು. ಅಕ್ಕಿ ಆರಿಸುವಾಗ ಒಂದಿಷ್ಟು, ಬಟ್ಟೆ ಮಡಚುವಾಗ ಒಂದಿಷ್ಟು ಹೇಳಿ ಸುಮ್ಮನಾಗುತ್ತಿದ್ದಳು.

ಕೊಡಗು ತಾನೇ ಒಂದು ರಾಜ್ಯವಾಗಿದ್ದ ವರ್ಷಗಳು ಅವು. ನಮ್ಮ ಊರಿನಿಂದ ಸ್ವಲ್ಪ ದೂರ ನಡೆದರೆ ಮೈಸೂರು ರಾಜ್ಯ. ಮೊದಲು ಆ ಗಡಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಚನ್ನಬಸಮ್ಮನ ಮಗ ಸಿದ್ದಣ್ಣ ಕೊಣನೂರು, ಅರಕಲಗೂಡಿನ ಕಡೆಯಿಂದ ಗಾಡಿಯಲ್ಲಿ ರಾಗಿ, ಹುರುಳಿ ತಂದು ನಮ್ಮ ಸಂತೆಯಲ್ಲಿ ಮಾರುತ್ತಿದ್ದ. ತಂದೆ ತೀರಿಕೊಂಡ ಮೇಲೆ ಮನೆ ನಡೆದದ್ದೇ ಆ ಗಾಡಿಯ ಮೇಲೆ. ಆಮೇಲೆ ಧಾನ್ಯಕ್ಕೆ ಸರ್ಕಾರದ ಕಂಟ್ರೋಲು ಬಂದಿತು. ಒಂದು ರಾಜ್ಯದ ಧಾನ್ಯ ಇನ್ನೊಂದು ರಾಜ್ಯಕ್ಕೆ ಹೋಗಬಾರದು ಎಂದಾಯಿತು. ಗಡಿಯ ಗೇಟಿನಲ್ಲಿ ಸಿದ್ದಣ್ಣನ ಗಾಡಿ ನಿಲ್ಲಿಸಿ ಮೂಟೆಗಳನ್ನು ಇಳಿಸಿಕೊಂಡರು. ಎರಡನೆಯ ಸಲ ಅವನನ್ನೇ ಒಂದು ದಿನ ಕೂರಿಸಿಕೊಂಡರು. ಬಂದವನು ಎತ್ತುಗಳನ್ನು ಮಾರಿದ. ಆಮೇಲೆ ಲಾರಿಗೆ ಮರದ ದಿಮ್ಮಿ ತುಂಬುವ ಕೂಲಿಗೆ ಹೋಗತೊಡಗಿದ. ಅದೂ ಲಾರಿ ಬಂದ ದಿನ ಮಾತ್ರ.

ಅವನೊಬ್ಬನ ಮನೆಯ ಕಷ್ಟವಲ್ಲ ಅದು. ಸಂತೆಯನ್ನು ನಂಬಿ ಬದುಕಿದ ಕೇರಿ ನಮ್ಮದು. ಸಂತೆಗೆ ಗಾಡಿ ಬರದಿದ್ದರೆ ಮೂಟೆ ಹೊರುವವನಿಗೆ ಕೆಲಸವಿಲ್ಲ, ಅಳೆಯುವವನಿಗೆ ಕೆಲಸವಿಲ್ಲ, ಮಂಡಕ್ಕಿ ಹುರಿದು ಮಾರುವವಳಿಗೂ ಗಿರಾಕಿ ಇಲ್ಲ. ಶನಿವಾರ ಡಿಪೋದಲ್ಲಿ ಕೊಡುವ ರೇಷನ್ನೇ ಎಲ್ಲರಿಗೂ ಗತಿ. ಅದು ಮುಂದಿನ ಶನಿವಾರದವರೆಗೆ ಬರಬೇಕು. ಬರುತ್ತಿರಲಿಲ್ಲ.

ಡಿಪೋದ ಮುಂದಿನ ಸಾಲಿನಲ್ಲಿ ಚನ್ನಬಸಮ್ಮ ನಿಂತಿದ್ದರೆ ಹಿಂದಿನವರು ಮುಂದಿನವರು ಆಕೆಯ ಕಡೆ ತಿರುಗಿಯೇ ಇರುತ್ತಿದ್ದರು. ಐವತ್ತು ದಾಟಿದ ಗಟ್ಟಿ ಹೆಂಗಸು, ಹಣೆಯ ತುಂಬ ವಿಭೂತಿ, ದನಿ ದೊಡ್ಡದು.

"ಬೆಂಕಿಕಡ್ಡಿನ ಬ್ಲೇಡಲ್ಲಿ ಉದ್ದಕ್ಕೆ ಸೀಳವ್ವ. ಒಂದು ಹೋಗಿ ಎರಡಾಗ್ತದೆ" ಎನ್ನುತ್ತಿದ್ದಳು.

"ಮುರ್ದೋಗ್ತದಲ್ಲಕ್ಕ."

"ಮದ್ದಿನ ಕಡೆಯಿಂದ ಸೀಳಿದ್ರೆ ಮುರೀತದೆ. ಬಾಲದ ಕಡೆಯಿಂದ ಸೀಳು. ಅದೂ ಬ್ಯಾಡ ಅಂದ್ರೆ ಬೆಳಗ್ಗೆ ಯಾರ ಮನೇಲಿ ಹೊಗೆ ಕಾಣ್ತದೋ ಅಲ್ಲಿಂದ ಒಂದು ಕೆಂಡ ತಗಂಬಾ. ಕೆಂಡ ಕೊಟ್ಟೋರು ಯಾರೂ ಕೆಟ್ಟಿಲ್ಲ."

ಉಪ್ಪನ್ನು ಹರಳಾಗಿ ಹಾಕಬೇಡಿ, ಚಿಪ್ಪಿನಲ್ಲಿ ನೀರು ಮಾಡಿಟ್ಟುಕೊಂಡು ಚಮಚದಲ್ಲಿ ಹಾಕಿ, ಕಸ ಕೆಳಗೆ ಕೂರುತ್ತದೆ, ಉಪ್ಪೂ ಉಳಿಯುತ್ತದೆ ಎಂದು ಹೇಳಿಕೊಟ್ಟವಳು ಆಕೆ. ಹಲಸಿನ ಬೀಜ ಒಣಗಿಸಿ ಪುಡಿ ಮಾಡಿ ರಾಗಿಹಿಟ್ಟಿಗೆ ಬೆರೆಸುವುದನ್ನೂ ಆಕೆಯೇ ಕಲಿಸಿದಳು. ಬಟ್ಟೆಗೆ ಅಂಟುವಾಳ, ಪಾತ್ರೆಗೆ ಬೂದಿ. ನಡುವೆ ಸವೆದ ಸೀರೆಯನ್ನು ಎರಡು ತುಂಡು ಮಾಡಿ ಗಟ್ಟಿ ಇರುವ ತುದಿಗಳನ್ನು ನಡುವಿಗೆ ಬರುವಂತೆ ಹೊಲಿದರೆ ಇನ್ನೊಂದು ವರ್ಷ ಉಡಬಹುದು. ನನ್ನ ತಾಯಿ ಹಾಗೆ ಹೊಲಿದ ಸೀರೆಯಲ್ಲೇ ನನ್ನನ್ನು ಹೆತ್ತದ್ದು. ಚನ್ನಬಸಮ್ಮ ಬೇರೆಯವರಿಂದಲೂ ಕಲಿಯುತ್ತಿದ್ದಳು. ಗದ್ದೆ ಕೆಲಸಕ್ಕೆ ಬರುತ್ತಿದ್ದ ದೊಡ್ಡಿ ಎಂಬ ಹೆಂಗಸು ತಿನ್ನಬಹುದಾದ ಕಾಡುಸೊಪ್ಪುಗಳನ್ನು ತಂದು ತೋರಿಸಿ ಹೇಳಿಕೊಟ್ಟಿದ್ದಳು. ದೊಡ್ಡಿ ಅಂಗಳದಾಚೆ ನಿಂತು ಹೇಳಿದಳು, ಚನ್ನಬಸಮ್ಮ ಜಗಲಿಯ ಮೇಲೆ ಕೂತು ಕೇಳಿದಳು. ಅದು ಯಾರಿಗೂ ವಿಶೇಷವಾಗಿ ಕಾಣದ ಕಾಲ.

ಈ ಉಪಾಯಗಳಿಂದ ಉಪಕಾರವಾಗಲಿಲ್ಲ ಎನ್ನುವಂತಿಲ್ಲ. ಆಗಿತ್ತು. ಆದರೂ ಎಲ್ಲರ ಮನೆಯಲ್ಲೂ ಗುರುವಾರದ ಹೊತ್ತಿಗೆ ಹಿಟ್ಟಿನ ಮಡಕೆಯ ತಳ ಕಾಣುತ್ತಿತ್ತು. ಚನ್ನಬಸಮ್ಮನ ಮನೆಯಲ್ಲಿ ಮಾತ್ರ ಶನಿವಾರ ಬೆಳಿಗ್ಗೆಯೂ ಒಲೆ ಉರಿಯುತ್ತಿತ್ತು.

"ನಿಂಗೆ ಹೆಂಗಕ್ಕ ಶನಿವಾರದವರ್ಗೂ ಮುಟ್ತದೆ? ನೀನು ಹೇಳಿದ್ದೆಲ್ಲ ನಾವೂ ಮಾಡ್ತಾ ಇದೀವಿ" ಎಂದು ನನ್ನ ತಾಯಿ ಒಂದು ದಿನ ಕೇಳಿದಳು.

ಚನ್ನಬಸಮ್ಮ ಹಿಗ್ಗಿದಳು. "ಅಳತೆ ನಂದು, ಕೈ ನನ್ನ ಸೊಸೇದು. ಅವಳ ಕೈಗುಣ ಅಂಥಾದ್ದು. ಒಂದು ಚೂರು ಚೆಲ್ಲೋದಿಲ್ಲ" ಎಂದಳು.

ಸೊಸೆ ಸುಲೋಚನ ಆಗ ಬಾಗಿಲ ಹತ್ತಿರ ನಿಂತಿದ್ದಳು. ಮೈಸೂರು ಸೀಮೆಯ ಹುಡುಗಿ. ಮಾತು ಕಡಿಮೆ. ಎರಡು ಮಕ್ಕಳ ತಾಯಿ. ದೊಡ್ಡವಳು ಗೌರಿಗೆ ಆರೇಳು ವರ್ಷ, ಚಿಕ್ಕವನು ಇನ್ನೂ ಸರಿಯಾಗಿ ಮಾತು ಬಾರದ ಮಗು. ಮೂರನೆಯದು ಹೊಟ್ಟೆಯಲ್ಲಿ. ತಾಯಿ ಅವಳನ್ನೂ ಕೇಳಿದಳು. "ನೀನಾದ್ರೂ ಹೇಳು ಸುಲೋಚನ, ಹೆಂಗೆ ಮಾಡ್ತೀಯ?"

"ಅತ್ತೆಮ್ಮ ಹೇಳ್ದಂಗೇ ಕಣಕ್ಕ" ಎಂದು ಅವಳು ನಕ್ಕಳು. ನಗುವಾಗ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದಳು. ಬಸುರಿಯ ಸುಸ್ತು ಎಂದುಕೊಂಡಳು ನನ್ನ ತಾಯಿ.

ಆ ಮನೆಯಲ್ಲಿ ನಡೆಯುತ್ತಿದ್ದದ್ದು ಹೀಗೆ. ಹಿಟ್ಟಿನ ಮಡಕೆ ಅತ್ತೆಯ ವಶದಲ್ಲಿ. ಹೊತ್ತಿಗೆ ಇಷ್ಟು ಪಾವು ಎಂದು ಆಕೆ ಅಳೆದು ಕೊಡುವಳು. ಸುಲೋಚನ ಎಸರಿಟ್ಟು ಮುದ್ದೆ ತಿರುವುವಳು. ಗಂಡ, ಅತ್ತೆ, ಎರಡು ಮಕ್ಕಳು ಕೂತು ಉಣ್ಣುವರು, ಅವಳು ಬಡಿಸುವಳು. ಉಂಡ ಮೇಲೆ ಸಿದ್ದಣ್ಣ ಹೊರಗೆ ಹೋಗುವನು, ಅತ್ತೆ ಜಗಲಿಗೆ ಬಂದು ಎಲೆಅಡಿಕೆಯ ಬದಲು ಒಂದು ಚೂರು ಅಡಿಕೆ ಬಾಯಿಗೆ ಹಾಕಿಕೊಳ್ಳುವಳು. ಸುಲೋಚನ ಒಳಗೆ ಒಲೆಯ ಮುಂದೆ ಕೂತು ತನ್ನ ಊಟ ಮುಗಿಸುವಳು. ಕೇರಿಯ ಎಲ್ಲ ಮನೆಗಳಲ್ಲೂ ಸೊಸೆಯರು ಉಣ್ಣುತ್ತಿದ್ದದ್ದು ಹಾಗೆಯೇ.

ಒಂದು ವಾರ ಚನ್ನಬಸಮ್ಮನಿಗೆ ಅನ್ನಿಸಿತು, ಅಳತೆಯಲ್ಲಿ ಒಂದು ಹಿಡಿ ಕಡಿಮೆ ಮಾಡಿ ನೋಡೋಣ ಎಂದು. ಮಾಡಿದಳು. ಅಂದೂ ಎಲ್ಲರಿಗೂ ಸಾಕಾಯಿತು. ಮುಂದಿನ ವಾರ ಇನ್ನೊಂದಿಷ್ಟು ತೆಗೆದಳು. ಆಗಲೂ ಸಾಕಾಯಿತು. ಉಳಿದ ಹಿಟ್ಟನ್ನು ಬೇರೆ ಗಡಿಗೆಯಲ್ಲಿ ಕಟ್ಟಿಟ್ಟಳು. ಮಳೆಗಾಲ ಬಂದರೆ ಮರದ ಲಾರಿಯೂ ನಿಲ್ಲುತ್ತದೆ, ಆಗ ಬೇಕಾಗುತ್ತದೆ ಎಂಬ ಲೆಕ್ಕ. ತಪ್ಪು ಲೆಕ್ಕವೂ ಅಲ್ಲ ಅದು.

ಒಂದು ಸಂಜೆ ಮಾತ್ರ ಸುಲೋಚನ ಕೇಳಿದ್ದಳಂತೆ. "ಅತ್ತೆಮ್ಮ, ಇವತ್ತು ಒಂದು ಹಿಡಿ ಜಾಸ್ತಿ ಹಾಕ್ಲಾ?"

"ಯಾಕೆ, ನೆನ್ನೆ ಸಾಕಾಗ್ಲಿಲ್ವಾ?"

ಅವಳು ಹಿಟ್ಟಿನ ಮಡಕೆ ನೋಡಿ, "ಸಾಕಾಯ್ತು" ಎಂದಳು.

"ಮತ್ತೆ?"

ಅಷ್ಟೇ ಮಾತು. ಪಾವು ಅವಳ ಕೈಗೆ ಬಂತು, ಅವಳು ಒಳಗೆ ಹೋದಳು. ಈ ಮಾತುಗಳನ್ನು ನನ್ನ ತಾಯಿಗೆ ಹೇಳಿದವಳು ಚನ್ನಬಸಮ್ಮನೇ. ಪ್ರತಿ ಸಲ ಹೇಳುವಾಗಲೂ ಒಂದು ಶಬ್ದ ಆಚೀಚೆ ಆಗುತ್ತಿರಲಿಲ್ಲವಂತೆ.

ಹೆರಿಗೆ ಬಂದದ್ದು ಪುಷ್ಯ ಮಾಸದ ಚಳಿಯಲ್ಲಿ, ದಿನ ತುಂಬುವ ಮೊದಲೇ. ಸೂಲಗಿತ್ತಿ ಕಾಳಮ್ಮ ಬಂದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಮಗು ಅಳಲಿಲ್ಲ. ಗಂಡುಮಗು, ಅಂಗೈಯಷ್ಟು. ಕಾಳಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ಮೂಲೆಗಿಟ್ಟು, ಚನ್ನಬಸಮ್ಮನನ್ನು ಹಿತ್ತಲಿಗೆ ಕರೆದಳು. ನನ್ನ ತಾಯಿ ಅಲ್ಲೇ ನೀರು ಕಾಯಿಸುತ್ತಿದ್ದಳು.

"ನಿನ್ನ ಸೊಸೆ ಮೈಯಾಗೆ ಏನೂ ಇಲ್ಲ ಕಣವ್ವ. ಹೆರೋ ನೋವಿಗೆ ಮುಕ್ಕೋಕೂ ತ್ರಾಣ ಇರ್ಲಿಲ್ಲ. ಏನು ಉಣ್ತಾ ಇದ್ದಳು?"

"ನಾವು ಉಂಡಿದ್ದೇ. ನಮ್ಮನೇಲಿ ಒಂದು ಹೊತ್ತೂ ಒಲೆ ಆರಿಲ್ಲ ಕಾಳಮ್ಮ. ಬೇಕಾದ್ರೆ ಮುತ್ತಮ್ಮನ್ನೇ ಕೇಳು."

ತಾಯಿ ಹೌದೆಂದು ತಲೆಯಾಡಿಸಿದಳು. ಅದು ನಿಜವೆಂದೇ ಅವಳು ತಿಳಿದಿದ್ದಳು.

ಸಿದ್ದಣ್ಣ ಸೋಮವಾರಪೇಟೆಗೆ ಓಡಿದ. ಡಾಕ್ಟರು ಬೇರೆ ಕಡೆ ಹೋಗಿದ್ದರು, ಕಂಪೌಂಡರು ಒಂದು ಶೀಸೆ ಔಷಧಿ ಕೊಟ್ಟರು. ಅದನ್ನು ಹಿಡಿದುಕೊಂಡು ಬರುವಷ್ಟರಲ್ಲಿ ಸುಲೋಚನ ಹೋಗಿಬಿಟ್ಟಿದ್ದಳು. ಮೈ ತೊಳೆದವರಲ್ಲಿ ನನ್ನ ತಾಯಿಯೂ ಒಬ್ಬಳು. ಹೆರಿಗೆಗೆ ಮಲಗಿಸುವಾಗ ಹೊಟ್ಟೆಯ ಮೇಲಿನ ಸೀರೆಗಂಟು ಎರಡು ಮೂರು ಸುತ್ತು ಬಿಗಿದಿತ್ತು, ಬಿಚ್ಚಲು ಹಲ್ಲು ಹಾಕಬೇಕಾಯಿತು ಎಂದು ಮಾತ್ರ ಹೇಳುತ್ತಿದ್ದಳು. ಅದಕ್ಕಿಂತ ಹೆಚ್ಚು ಆ ದಿನದ ಬಗ್ಗೆ ಎಂದೂ ಹೇಳಲಿಲ್ಲ. ಅಯ್ಯನವರು ಬಂದು ವಿಭೂತಿ ಹಚ್ಚಿದರು. ಸುಲೋಚನಳನ್ನೂ ಮಗುವನ್ನೂ ಒಟ್ಟಿಗೆ ಸಮಾಧಿ ಮಾಡಿದರು. ಅವಳ ತವರಿನವರು ಗಡಿ ದಾಟಿ ಬಂದು, ಅತ್ತು, ತಂದಿದ್ದ ಬುತ್ತಿಯನ್ನು ಮಕ್ಕಳಿಗೆ ಉಣ್ಣಿಸಿ ಹೋದರು.

ಬಂದವರೆಲ್ಲ ಹೋದ ಮೇಲೆ ಚನ್ನಬಸಮ್ಮ ಬಹಳ ವರ್ಷಗಳ ನಂತರ ತಾನೇ ಒಲೆ ಮುಂದೆ ಕೂತಳು. ಸೊಸೆಗೆ ದಿನವೂ ಅಳೆದು ಕೊಡುತ್ತಿದ್ದಷ್ಟೇ ಹಿಟ್ಟನ್ನು ಅಳೆದುಕೊಂಡಳು. ಅಭ್ಯಾಸದ ಕೈ, ಒಬ್ಬಳು ಕಡಿಮೆಯಾದಳೆಂದು ಕಡಿಮೆ ಮಾಡಬೇಕೆಂಬುದು ನೆನಪಿಗೆ ಬರಲಿಲ್ಲ. ಮುದ್ದೆ ತಿರುವಿದಳು. ಮಗನಿಗೆ ಒಂದು ಕಟ್ಟಿದಳು, ಮಕ್ಕಳಿಗೆ ಸಣ್ಣವು ಎರಡು. ದಿನಾ ತಮ್ಮ ತಟ್ಟೆಗೆ ಬೀಳುತ್ತಿದ್ದಷ್ಟೇ ಗಾತ್ರ. ಆಮೇಲೆ ತನಗೊಂದು ಕಟ್ಟಿ ತಟ್ಟೆಗೆ ಹಾಕಿಕೊಂಡು ಮಡಕೆ ನೋಡಿದಳು. ತಳಕ್ಕೆ ಹತ್ತಿದ ಪದರ ಬಿಟ್ಟರೆ ಬೇರೇನೂ ಇರಲಿಲ್ಲ.

ಮಡಕೆಯನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದಳು. ನಡುಮನೆಗೆ ಬಂದು ಮಗನ ಮುಂದೆ ನಿಂತಳು.

"ಸಿದ್ದ, ಅವಳು ಉಣ್ಣೋದನ್ನ ನೀನು ನೋಡಿದ್ಯಾ?"

"ಯಾರು?"

"ನಿನ್ನ ಹೆಂಡ್ತಿ."

"ನಾನು ಎದ್ದ ಮೇಲೆ ಉಣ್ತಿದ್ಲು."

"ನೋಡಿದ್ಯಾ ಅಂದೆ."

ಸಿದ್ದಣ್ಣ ಕೈ ತಟ್ಟೆಯಲ್ಲಿಟ್ಟುಕೊಂಡು ಕೂತುಬಿಟ್ಟ. ಉತ್ತರ ಹೇಳಿದವಳು ಗೌರಿ. "ಅವ್ವ ಮಡಕೆ ತೊಳೆದ ನೀರಿಗೆ ಉಪ್ಪು ಹಾಕ್ಕಂಡು ಕುಡೀತಿದ್ಲು. ಒಂದೊಂದು ಸಲ ಸೊಪ್ಪು ಇರ್ತಿತ್ತು."

"ನೀನು ಯಾಕೆ ನಂಗೆ ಹೇಳ್ಲಿಲ್ಲ ಮಗಾ?" ಎಂದಳು ಅಜ್ಜಿ.

"ದಿನಾ ಕುಡೀತಿದ್ಲಲ್ಲ" ಎಂದಿತು ಮಗು. ಅದರಲ್ಲಿ ಹೇಳುವಂಥದ್ದೇನಿದೆ ಎಂದು ಅದಕ್ಕೆ ಅರ್ಥವಾಗಿರಲಿಲ್ಲ.

ಸಿದ್ದಣ್ಣ ತಟ್ಟೆ ಸರಿಸಿ ಎದ್ದ. "ಅಳತೆ ಯಾರ ಕೈಲಿತ್ತು?" ಎಂದು ಕೇಳಿದ.

"ನನ್ನ ಕೈಲಿ."

"ವಾರ ವಾರ ಕಮ್ಮಿ ಮಾಡ್ತಾ ಬಂದೋರು ಯಾರು?"

"ನಾನೇ" ಎಂದಳು ಚನ್ನಬಸಮ್ಮ.

ದಿನವೂ ತಾನೂ ಉಂಡು ಎದ್ದು ಹೋದವನೇ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಿತು ಎಂದು ನನ್ನ ತಾಯಿ ಹೇಳುತ್ತಿದ್ದಳು. ಅವನು ಅಂದಿನಿಂದ ತಾಯಿ ಮಾಡಿದ್ದನ್ನು ಮುಟ್ಟಲಿಲ್ಲ. ಮರದ ಕೂಲಿಯವರ ಜೊತೆ ಏನೋ ಬೇಯಿಸಿಕೊಂಡು ತಿನ್ನುತ್ತಿದ್ದ. ತಿಂಗಳು ಕಳೆಯುವುದರೊಳಗೆ ಕುಟ್ಟದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಕೈಕೆಳಗೆ ಕೆಲಸ ಸಿಕ್ಕಿತೆಂದು ಹೊರಟುಹೋದ. ಕೊಡಗಿನ ಆ ತುದಿಗೆ. ಮಕ್ಕಳು ಅಜ್ಜಿಯ ಹತ್ತಿರವೇ ಉಳಿದವು. ಬರುವವರ ಕೈಲಿ ಅಕ್ಕಿ ಕಳಿಸುತ್ತಿದ್ದ, ಮಾತು ಕಳಿಸುತ್ತಿರಲಿಲ್ಲ.

ಮಳೆಗಾಲಕ್ಕೆಂದು ಕಟ್ಟಿಟ್ಟಿದ್ದ ಗಡಿಗೆಯ ಹಿಟ್ಟಿಗೆ ಹುಳು ಬಿದ್ದಿತ್ತು. ಚನ್ನಬಸಮ್ಮ ಅದನ್ನು ಜರಡಿ ಹಿಡಿದು, ಬಿಸಿಲಿಗೆ ಹಾಕಿ, ಮಕ್ಕಳಿಗೆ ಅಂಬಲಿ ಮಾಡಿ ಹಾಕಿದಳು. ಎಸೆಯುವಂತಿರಲಿಲ್ಲ.

ಎರಡು ಶನಿವಾರ ಆಕೆ ಡಿಪೋಗೆ ಬರಲಿಲ್ಲ, ಅವಳ ಕಾರ್ಡಿನ ರೇಷನ್ನನ್ನು ನನ್ನ ತಾಯಿಯೇ ತಂದುಕೊಟ್ಟಳು. ಮೂರನೆಯ ಶನಿವಾರ ಬಂದು ಸಾಲಿನಲ್ಲಿ ನಿಂತಳು. ಯಾರೂ ಮಾತಾಡಿಸಲು ಧೈರ್ಯ ಮಾಡಲಿಲ್ಲ. ಹೊಸದಾಗಿ ಮದುವೆಯಾಗಿ ಬಂದಿದ್ದ ಪೂವಮ್ಮ ಎಂಬ ಹುಡುಗಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಉಪಾಯ ಹೇಳುವ ಹೆಂಗಸು ಈಕೆಯೇ ಎಂದು ಕೇಳಿದ್ದಳು ಅಷ್ಟೇ.

"ಅವ್ವ, ನಿಮ್ಮನೇಲಿ ರೇಷನ್ನು ಶನಿವಾರದ ಗಂಟ ಮುಟ್ತದಂತೆ. ಹೆಂಗೆ ಮಾಡ್ತೀರಿ?"

ನನ್ನ ತಾಯಿ ಹುಡುಗಿಯ ಕೈ ಜಗ್ಗಿದಳು. ಚನ್ನಬಸಮ್ಮ ಹಿಂದಕ್ಕೆ ತಿರುಗಿದಳು.

"ಮುಟ್ತದೆ ಕಣವ್ವ. ಮನೇಲಿ ಒಬ್ಬಳು ಉಣ್ಣದಿದ್ರೆ ಮುಟ್ತದೆ. ನಮ್ಮನೇಲಿ ಉಣ್ಣದೆ ಇದ್ದೋಳು ನನ್ನ ಸೊಸೆ. ನಂಗೆ ಗೊತ್ತಾಗ್ಲಿಲ್ಲ. ನಾನು ಕಮ್ಮಿ ಮಾಡ್ದೆ, ಅವಳು ಬಿಟ್ಟಳು. ನಾನು ಇನ್ನೂ ಕಮ್ಮಿ ಮಾಡ್ದೆ, ಅವಳು ಪೂರ್ತಿ ಬಿಟ್ಟಳು. ಅದೇ ಉಪಾಯ."

ದನಿ ಮೊದಲಿನಷ್ಟೇ ದೊಡ್ಡದಾಗಿತ್ತು, ಇಡೀ ಸಾಲಿಗೆ ಕೇಳಿಸಿತು. ತೂಕದವನೂ ಕೈ ತಡೆದ. ಎಷ್ಟೋ ಹೆಂಗಸರು ತಲೆ ತಗ್ಗಿಸಿ ತಮ್ಮ ಚೀಲಗಳನ್ನು ನೋಡುತ್ತ ನಿಂತರು. ತಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಮಡಕೆಯಲ್ಲಿ ಎಷ್ಟು ಉಳಿದಿರುತ್ತದೆ ಎಂಬುದು ಆ ಸಾಲಿನಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ.

ಆಮೇಲೆ ಆಕೆ ಇನ್ನೊಂದು ಕೆಲಸ ಹಿಡಿದಳು. ಉಣ್ಣುವ ಹೊತ್ತಿಗೆ ಯಾರಾದರೊಬ್ಬರ ಮನೆಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ಕೂರುವುದು. ಕಾಫಿ ಕೊಟ್ಟರೂ ಮುಟ್ಟುತ್ತಿರಲಿಲ್ಲ. ಮುದ್ದೆ ಕಟ್ಟಿದ ಕೂಡಲೇ ಮೊದಲನೆಯದನ್ನು ಅಡುಗೆ ಮಾಡಿದವಳ ತಟ್ಟೆಗೆ ತೆಗೆದಿಡಿಸಿ, "ಉಣ್ಣು. ನಾನು ನೋಡ್ತೀನಿ" ಎನ್ನುತ್ತಿದ್ದಳು.

ನಮ್ಮ ಮನೆಗೂ ಬಂದಳು. ನಾನಾಗ ಹುಟ್ಟಿರಲಿಲ್ಲ, ಹೊಟ್ಟೆಯಲ್ಲಿದ್ದೆ. ನನ್ನ ತಂದೆ ಜವರಪ್ಪ ಕೆಲಸದಿಂದ ಬಂದು ಕೈಕಾಲು ತೊಳೆದು ಒಳಗೆ ಬಂದರೆ, ಹೆಂಡತಿ ಒಲೆಯ ಮುಂದೆ ತಟ್ಟೆ ಇಟ್ಟುಕೊಂಡು ಕೂತಿದ್ದಾಳೆ. ಎದುರಿಗೆ ಚನ್ನಬಸಮ್ಮ.

"ನಮ್ಮನೆ ಒಲೆ ಮುಂದೆ ನಿಂಗೇನವ್ವ ಕೆಲ್ಸ?" ಎಂದ ತಂದೆ.

"ಇವಳು ಉಂಡ ಕೂಡ್ಲೆ ಎದ್ದೋಯ್ತೀನಿ."

"ಹೊರೋನು ನಾನು. ನಾನು ಅರೆಹೊಟ್ಟೇಲಿ ಹೋದ್ರೆ ಮೂಟೆ ಏಳ್ತದಾ? ಕೂಲಿ ಇಲ್ದಿದ್ರೆ ಇವಳು ಏನು ಉಣ್ತಾಳೆ?"

ಆ ಮಾತು ಸುಳ್ಳಾಗಿರಲಿಲ್ಲ. ಇದ್ದ ಹಿಟ್ಟು ಇದ್ದಷ್ಟೇ. ಒಬ್ಬಳ ತಟ್ಟೆಗೆ ಬಿದ್ದದ್ದು ಇನ್ನೊಬ್ಬರ ತಟ್ಟೆಯಲ್ಲಿ ಕಡಿಮೆಯಾಗಲೇಬೇಕು. ಚನ್ನಬಸಮ್ಮ ಕೂತಲ್ಲಿಂದ ಏಳದೆ, "ಗುರುವಾರಕ್ಕೆ ಮುಗಿಯೋದಾದ್ರೆ ಮುಗೀಲಿ ಜವರಪ್ಪ. ಹಸಿಯೋದಾದ್ರೆ ಎಲ್ರೂ ಹಸೀರಿ. ಆಗ ಒಬ್ರಿಗೊಬ್ರು ಹಸಿದಿರೋದು ಕಾಣ್ತದೆ" ಎಂದಳು.

ತಂದೆ ಬೈಯುತ್ತ ಹೊರಗೆ ಹೋದ. ತಾಯಿ ತುತ್ತು ಬಾಯಿಗಿಟ್ಟಳು. ಗಂಡನಿಗಿಂತ ಮೊದಲು ಉಣ್ಣುತ್ತಿದ್ದದ್ದು ಅದೇ ಮೊದಲ ಸಲ, ನೀರು ಕುಡಿಯುತ್ತ ಕುಡಿಯುತ್ತ ಉಂಡೆ ಎನ್ನುತ್ತಿದ್ದಳು. ತಟ್ಟೆಯಲ್ಲಿದ್ದಷ್ಟನ್ನೂ ಉಂಡಳು. ಮರುದಿನ ತಂದೆ ತಾನಾಗಿಯೇ ಕೇಳಿದನಂತೆ, "ನಿಂದು ಎತ್ತಿಟ್ಟಿದ್ಯಾ?" ಎಂದು. ಕೇಳಿದ್ದು ಅಷ್ಟೇ, ಮುಖ ನೋಡಿರಲಿಲ್ಲ.

ಎಲ್ಲ ಮನೆಗಳಲ್ಲೂ ಹೀಗಾಗಲಿಲ್ಲ. ಕೆಲವರು ಆಕೆ ಬರುವುದು ಕಂಡರೆ ಬಾಗಿಲು ಹಾಕಿಕೊಂಡರು. ಕೇರಿಯ ಹಿರಿಯರಾದ ಪರಮೇಶಪ್ಪನವರು ಜಗಲಿಗೆ ಬಂದು, "ನೋಡು ಚನ್ನಬಸಮ್ಮ, ನಿನ್ನ ಮನೇಲಿ ಆದದ್ದು ಆಯ್ತು. ಅದನ್ನ ಊರೆಲ್ಲ ಹೇಳ್ಕಂಡು ತಿರುಗಿದ್ರೆ ಮನೆತನಗಳ ಮರ್ಯಾದೆ ಏನಾಗ್ಬೇಕು? ಸೊಸೇನ ಹಸಿವಲ್ಲಿ ಕೊಂದ್ರು ಅಂತ ಅವಳ ತವರಿನೋರು ಪೊಲೀಸಿಗೆ ಹೋದ್ರೆ?" ಎಂದರು.

"ಹೋಗ್ಲಿ ಅಪ್ಪ. ನಾನು ಇದ್ದಿದ್ದು ಇದ್ದಂಗೆ ಹೇಳ್ತೀನಿ."

ತವರಿನವರು ಹೋಗಲಿಲ್ಲ. ಅವರ ಮನೆಯಲ್ಲೂ ಬೇರೆ ರೀತಿ ಇದ್ದಿರಲಾರದು.

ಕಂಟ್ರೋಲು ಹೋಯಿತು. ಗೇಟು ತೆಗೆದರು. ಒಂದು ಶನಿವಾರ ಮೈಸೂರು ಕಡೆಯ ಗಾಡಿಗಳು ಮತ್ತೆ ಸಂತೆಗೆ ಬಂದವು. ರಾಗಿಯ ರಾಶಿ ಕಂಡು ಹೆಂಗಸರು ಸುಮ್ಮನೆ ಕೈ ಹಾಕಿ ಮುಟ್ಟಿ ನೋಡುತ್ತಿದ್ದರಂತೆ. ಮಡಕೆಗಳು ತುಂಬಿದ ಮೇಲೆ ಹೆಚ್ಚಿನ ಮನೆಗಳಲ್ಲಿ ಸೊಸೆಯರು ಮೊದಲಿನ ಹಾಗೆಯೇ ಎಲ್ಲರ ನಂತರ ಒಲೆಯ ಮುಂದೆ ಕೂತು ಉಣ್ಣತೊಡಗಿದರು. ನನ್ನ ತಾಯಿಯೂ ಹಾಗೆಯೇ ಮಾಡಿದಳು. ಈಗ ಉಳಿಯುತ್ತದಲ್ಲ, ಇನ್ನೇನು ಎಂಬ ಸಮಾಧಾನ. ಚನ್ನಬಸಮ್ಮ ಅದನ್ನು ಕಂಡಳು, ಆದರೆ ಮತ್ತೆ ಮನೆಮನೆಗೆ ಹೋಗಿ ಕೂರಲಿಲ್ಲ. ಆಕೆಗೆ ಕಾಲು ಬಾತು ನಡೆಯುವುದೂ ಕಷ್ಟವಾಗಿತ್ತು.

ಸಿದ್ದಣ್ಣ ಕುಟ್ಟದಿಂದ ಹಿಂದಕ್ಕೆ ಬಂದದ್ದು ಆ ವರ್ಷವೇ. ವ್ಯಾಪಾರ ಮತ್ತೆ ಹಿಡಿಯುವ ಯೋಚನೆ. ಮಧ್ಯಾಹ್ನದ ಬಸ್ಸಿಗೆ ಬಂದವನು ಟ್ರಂಕು ಇಳಿಸಿ ನಡುಮನೆಯಲ್ಲಿ ಕೂತ. ಗೌರಿ ನೀರು ಕೊಟ್ಟಳು. ಎತ್ತರ ಬೆಳೆದಿದ್ದಳು, ಮುಖ ತಾಯಿಯದೇ. ಅವನು ಅವಳನ್ನು ನೋಡಿ ಬೇರೆ ಕಡೆ ನೋಡಿದ. ನಮ್ಮ ಬೇಲಿಯ ಎಲೆಯ ಸಂದಿಯಿಂದ ಎದುರುಮನೆಯ ತೆರೆದ ಬಾಗಿಲ ಒಳಗೆಲ್ಲ ಕಾಣುತ್ತಿತ್ತು, ನನ್ನ ತಾಯಿ ಒಣಗಿದ ಬಟ್ಟೆ ತೆಗೆಯುವ ನೆವದಲ್ಲಿ ಅಲ್ಲೇ ನಿಂತಿದ್ದಳು.

ಚನ್ನಬಸಮ್ಮ ಮಗನಿಗೂ ಮೊಮ್ಮಕ್ಕಳಿಗೂ ಬಡಿಸಿ ಗೋಡೆಗೊರಗಿ ನಿಂತಳು. ಅವನು ತಟ್ಟೆಗೆ ಕೈ ಹಾಕಲಿಲ್ಲ.

"ನೀನು ಉಂಡ್ಯಾ?" ಎಂದು ಕೇಳಿದ.

"ಇನ್ನೂ ಇಲ್ಲ."

"ಕೂತ್ಕೋ."

ಆಕೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಕೂತಳು. ಗೌರಿ ಇನ್ನೊಂದು ತಟ್ಟೆ ತಂದಿಟ್ಟಳು. ನಾಲ್ವರೂ ಉಂಡರು. ಸಿದ್ದಣ್ಣ ಮತ್ತೆ ಮದುವೆ ಮಾಡಿಕೊಳ್ಳಲಿಲ್ಲ, ಆ ಮನೆಯಲ್ಲಿ ಸುಲೋಚನ ಎಂಬ ಹೆಸರನ್ನು ಎತ್ತಲೂ ಇಲ್ಲ. ತಾಯಿಯನ್ನು ಕ್ಷಮಿಸಿದನೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಚನ್ನಬಸಮ್ಮ ಸಾಯುವವರೆಗೂ, ಆಕೆ ತನ್ನ ತಟ್ಟೆಗೆ ಕೂತ ಮೇಲೆಯೇ ಅವನು ತುತ್ತೆತ್ತುತ್ತಿದ್ದ ಎಂದು ಮಾತ್ರ ನನ್ನ ತಾಯಿ ಹೇಳುತ್ತಿದ್ದಳು.